ಕಥೆ ತಿರುಗುವ ಜಾಗ: ಲೇಖಕರೊಬ್ಬರಿಗೆ ಉತ್ತರ

ಪ್ರಿಯ ಲೇಖಕರಿಗೆ,

ನಮಸ್ಕಾರ. ‘ನತ್ಸುಮೆ ಯೂಜಿಂಚೊ’ ಎಂಬ ಜಪಾನೀ ಆನಿಮೇಷನ್ ಸರಣಿಯ ಎರಡನೆಯ ಕಂತಿನ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಓದಿದೆ. ಭಾಷೆ ಸ್ವಚ್ಛವಾಗಿದೆ, ವಿಷಯದ ಆಯ್ಕೆಯೂ ಚೆನ್ನಾಗಿದೆ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಎರಡು ಸಾಲಿನ ವಿಷಾದಪತ್ರ ಕಳುಹಿಸಿ ಸುಮ್ಮನಾಗುತ್ತೇವೆ. ಈ ಕಂತು ನನಗೆ ತುಂಬ ಇಷ್ಟವಾದದ್ದು; ಅದರ ಜೀವವಿರುವ ಜಾಗವನ್ನೇ ನಿಮ್ಮ ಲೇಖನ ದಾಟಿಕೊಂಡು ಹೋಗಿದೆ ಎಂಬ ಸಂಕಟಕ್ಕೆ ಇಷ್ಟುದ್ದ ಬರೆಯುತ್ತಿದ್ದೇನೆ.

ಈ ಉತ್ತರ ಪತ್ರಿಕೆಯಲ್ಲೂ ಬರಲಿರುವುದರಿಂದ ಕಂತನ್ನು ನೋಡದ ಓದುಗರಿಗಾಗಿ ಕಥೆಯನ್ನು ಸ್ವಲ್ಪದರಲ್ಲಿ ಹೇಳಬೇಕು. ಯೂಕಿ ಮಿಡೊರಿಕಾವಾ ಅವರ ಮಾಂಗಾವನ್ನು, ಅಂದರೆ ಜಪಾನೀ ಚಿತ್ರಕಥೆಯನ್ನು, ಆಧರಿಸಿದ ಈ ಸರಣಿ 2008ರಲ್ಲಿ ತಾಕಾಹಿರೊ ಓಮೊರಿ ಅವರ ನಿರ್ದೇಶನದಲ್ಲಿ ಆರಂಭವಾಯಿತು. ನತ್ಸುಮೆ ತಾಕಾಶಿ ಎಂಬ ತಬ್ಬಲಿ ಹುಡುಗನಿಗೆ ಬೇರೆಯವರ ಕಣ್ಣಿಗೆ ಬೀಳದ ಯೋಕಾಯಿಗಳು, ಅಂದರೆ ಜಪಾನೀ ಜನಪದದ ಭೂತಗಳು, ಕಾಣಿಸುತ್ತವೆ. ಅವನ ಅಜ್ಜಿ ರೇಕೊ ತಾನು ಸೋಲಿಸಿದ ಯೋಕಾಯಿಗಳಿಂದ ಹೆಸರು ಬರೆಸಿಕೊಂಡು ಒಂದು ಪುಸ್ತಕ ಮಾಡಿಟ್ಟಿದ್ದಳು. ಹೆಸರು ಯಾರ ಕೈಯಲ್ಲಿದೆಯೋ ಅವರ ಆಜ್ಞೆಯನ್ನು ಆ ಯೋಕಾಯಿ ಮೀರುವಂತಿಲ್ಲ. ಮೊಮ್ಮಗ ಆ ಹೆಸರುಗಳನ್ನು ಒಂದೊಂದಾಗಿ ಹಿಂದಿರುಗಿಸುತ್ತಿದ್ದಾನೆ. ಈ ಕಂತಿನಲ್ಲಿ ಹೆಸರು ಕೇಳಿಕೊಂಡು ಬರುವವನು ತ್ಸುಯುಕಾಮಿ. ನೆಲೆಯಿಲ್ಲದೆ ಖಾಲಿ ಗುಡಿಯೊಂದರಲ್ಲಿ ತಂಗಿದ್ದ ಅವನನ್ನು, ಪ್ರಾರ್ಥಿಸಿದ ಮೇಲೆ ಮಳೆ ಬಂತೆಂಬ ಕಾರಣಕ್ಕೆ, ಜನ ದೇವರೆಂದು ನಂಬಿದರು. ಭಕ್ತರು ಕಡಿಮೆಯಾದಂತೆ ಅವನೂ ಕುಗ್ಗುತ್ತ ಬಂದು ಈಗ ಅಂಗೈಯಲ್ಲಿ ಹಿಡಿಯುವಷ್ಟಾಗಿದ್ದಾನೆ. ಉಳಿದಿರುವುದು ಹನಾ ಎಂಬ ಒಬ್ಬಳೇ ವೃದ್ಧೆಯ ನಂಬಿಕೆ.

ಈಗ ನಿಮ್ಮ ಲೇಖನದ ಮೂರನೆಯ ಪ್ಯಾರಾಕ್ಕೆ ಬರೋಣ. ‘ಕೊನೆಗೆ ನತ್ಸುಮೆ ದೇವರ ಹೆಸರನ್ನು ಹಿಂದಿರುಗಿಸುತ್ತಾನೆ, ದೇವರು ಮುಕ್ತನಾಗಿ ಹೊರಟುಹೋಗುತ್ತಾನೆ’ ಎಂದು ಬರೆದಿದ್ದೀರಿ. ಕಂತಿನಲ್ಲಿ ಹೆಸರು ಹಿಂದಿರುಗಿಸುವುದು ಕೊನೆಗಲ್ಲ. ತ್ಸುಯುಕಾಮಿಯ ಹಾಳೆ ಸುಸುಗಿ ಎಂಬ ಇನ್ನೊಬ್ಬ ಯೋಕಾಯಿಯ ಹಾಳೆಗೆ ಒಂದು ಅನ್ನದ ಅಗುಳಿನಿಂದ ಅಂಟಿಕೊಂಡಿರುತ್ತದೆ. ಆದ್ದರಿಂದ ಇಬ್ಬರ ಹೆಸರನ್ನೂ ಒಟ್ಟಿಗೇ ಕೊಡಬೇಕಾಗುತ್ತದೆ. ಅದೆಲ್ಲ ಮುಗಿದ ಮೇಲೂ ತ್ಸುಯುಕಾಮಿ ಅಲ್ಲೇ, ತನ್ನ ಗುಡಿಯಲ್ಲೇ ಇರುತ್ತಾನೆ. ನೀವು ಆ ಘಟನೆಯನ್ನು ಎತ್ತಿ ಕೊನೆಯಲ್ಲಿಟ್ಟದ್ದು ಮುಕ್ತಾಯಕ್ಕೆ ಬಿಗಿ ಬರಲೆಂಬ ಆಸೆಯಿಂದ ಎಂದು ನನ್ನ ಊಹೆ. ಹಾಗೆ ಮಾಡಿದ್ದರಿಂದ, ಅವನನ್ನು ಇಷ್ಟು ದಿನ ಹಿಡಿದಿಟ್ಟದ್ದು ರೇಕೊಳ ಪುಸ್ತಕ ಎಂದಾಯಿತು. ಹಿಡಿದಿಟ್ಟದ್ದು ಹನಾ ಅಲ್ಲವೇ?

ಅದರ ಮುಂದಿನ ಸಾಲು ನನ್ನನ್ನು ಇನ್ನಷ್ಟು ಕಾಡಿತು: ‘ಅದೇ ವೇಳೆಗೆ ಹನಾ ಎಂಬ ಮುದುಕಿಯೂ ತೀರಿಕೊಳ್ಳುತ್ತಾಳೆ.’ ‘ಅದೇ ವೇಳೆಗೆ’ ಎಂದರೆ ಎರಡು ಘಟನೆಗಳು ಆಕಸ್ಮಿಕವಾಗಿ ಕೂಡಿಬಂದವು ಎಂದರ್ಥ. ಇಲ್ಲಿ ಒಂದರಿಂದಲೇ ಇನ್ನೊಂದು ಆಗಿದೆ. ಅವಳು ಹೋಗುವುದರಿಂದಲೇ ಅವನೂ ಹೋಗುತ್ತಾನೆ. ಕಾರಣವಾಗಿ ಬಂದದ್ದನ್ನು ನೀವು ಕಾಲಸೂಚನೆಯಾಗಿ ಬರೆದಿರಿ. ಕಥೆಯ ಬೆನ್ನೆಲುಬು ಅಲ್ಲೇ ಮುರಿಯಿತು. ‘ಎಂಬ ಮುದುಕಿಯೂ’ ಎಂಬ ಉಡಾಫೆಯ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಎರಡನೆಯ ತಕರಾರು ಐದನೆಯ ಪ್ಯಾರಾದ್ದು. ‘ನಂಬಿಕೆಯೇ ದೇವರ ಬಲ ಎಂಬ ಸಂದೇಶವನ್ನು ಈ ಕಂತು ಸಾರುತ್ತದೆ’ ಎಂದು ಆರಂಭಿಸಿ, ಶ್ರದ್ಧೆಯ ಮಹತ್ವದ ಬಗ್ಗೆ ಪುಟದ ಅರ್ಧದಷ್ಟು ಬರೆದು, ನಡುವೆ ಎಲ್ಲೋ ‘ನತ್ಸುಮೆ ತಾನು ಪೂಜಿಸುತ್ತೇನೆಂದರೂ ದೇವರು ಒಪ್ಪುವುದಿಲ್ಲ’ ಎಂದು ಸೇರಿಸಿದ್ದೀರಿ. ಕಂತು ನಿಂತಿರುವುದೇ ಆ ಸಾಲಿನ ಮೇಲೆ. ನಂಬಿಕೆಯ ಬಲವನ್ನು ಸಾರುವುದೇ ಉದ್ದೇಶವಾಗಿದ್ದರೆ ಕಥೆ ಬಹಳ ಸುಲಭವಾಗಿ ಮುಗಿಯುತ್ತಿತ್ತು: ಒಬ್ಬ ಭಕ್ತೆ ಹೋದಳು, ಇನ್ನೊಬ್ಬ ಭಕ್ತ ಬಂದ, ದೇವರು ಉಳಿದ. ನತ್ಸುಮೆ ಆ ದಾರಿಯನ್ನು ಮನಸ್ಸಾರೆ ತೆರೆದಿಡುತ್ತಾನೆ. ನೆಂಟರ ಮನೆಯಿಂದ ಮನೆಗೆ ಅಲೆದು, ಯಾರನ್ನೂ ತನ್ನವರೆಂದುಕೊಳ್ಳಲಾಗದೆ ಬೆಳೆದ ಹುಡುಗ ಈಗಷ್ಟೇ ಸಿಕ್ಕ ಒಬ್ಬನನ್ನು ಉಳಿಸಿಕೊಳ್ಳಲು ಮಾಡುವ ಪ್ರಯತ್ನ ಅದು. ತ್ಸುಯುಕಾಮಿ ಬೇಡವೆನ್ನುತ್ತಾನೆ; ನೀನು ನನ್ನ ಗೆಳೆಯ ಎನ್ನುತ್ತಾನೆ. ಹೆಸರು ಆಗಲೇ ಹಿಂದಿರುಗಿದೆ, ಆಜ್ಞೆಯ ಹಂಗು ಇಲ್ಲ, ಭಯವಿಲ್ಲ. ಆದ್ದರಿಂದಲೇ ಆ ಮಾತಿಗೆ ಬೆಲೆ. ಗೆಳೆಯನನ್ನು ಭಕ್ತನನ್ನಾಗಿ ಮಾಡಿಕೊಂಡು ಬದುಕುವುದಕ್ಕಿಂತ, ತನ್ನನ್ನು ಒಬ್ಬಳೇ ನಂಬಿದವಳ ಜೊತೆ ಹೋಗುವುದನ್ನು ಅವನು ಆರಿಸಿಕೊಳ್ಳುತ್ತಾನೆ. ಘಟನೆಗಳ ಕ್ರಮವನ್ನು ನೀವು ಬದಲಿಸಿದ್ದು ಏಕೆ ಅಷ್ಟು ದೊಡ್ಡ ತಪ್ಪೆಂದು ಈಗ ತಿಳಿದಿರಬೇಕು. ಹೆಸರು ಇನ್ನೂ ಪುಸ್ತಕದಲ್ಲಿದ್ದಾಗ ಅವನು ಗೆಳೆಯ ಎಂದಿದ್ದರೆ, ಅದು ಕೈಕೆಳಗಿನವನು ಒಡೆಯನಿಗೆ ಹೇಳಿದ ಮಾತಾಗುತ್ತಿತ್ತು.

ನಾನು ಉಪಸಂಪಾದಕನಾಗಿ ಸೇರಿದ ಹೊಸತರಲ್ಲಿ ನನಗೆ ವಹಿಸಿದ ಕೆಲಸ ವಿಮರ್ಶೆಗಳನ್ನು ಅಂಕಣದ ಅಳತೆಗೆ ಇಳಿಸುವುದು. ನಮ್ಮ ಹಿರಿಯ ಸಂಪಾದಕರು ಹಸ್ತಪ್ರತಿಯನ್ನು ಕೈಗಿಟ್ಟು, ಎಲ್ಲಿ ಕತ್ತರಿಸಿದರೆ ನೋವಾಗುತ್ತದೆಂದು ಮೊದಲು ಹುಡುಕು ಎನ್ನುತ್ತಿದ್ದರು. ಎಷ್ಟೋ ವಿಮರ್ಶೆಗಳಲ್ಲಿ ಅಂಥ ಜಾಗವೇ ಸಿಗುತ್ತಿರಲಿಲ್ಲ. ಕಥಾಸಾರವನ್ನು ಎಲ್ಲಿ ಬೇಕಾದರೂ ತುಂಡರಿಸಬಹುದಿತ್ತು, ಸಂದೇಶದ ಪ್ಯಾರಾವನ್ನು ಇಡಿಯಾಗಿ ತೆಗೆದರೂ ಉಳಿದದ್ದಕ್ಕೆ ಏನೂ ಆಗುತ್ತಿರಲಿಲ್ಲ. ಅಪರೂಪಕ್ಕೆ ಒಂದು ಬರಹ ಬರುತ್ತಿತ್ತು. ಅದರಲ್ಲಿ ಒಂದು ದೃಶ್ಯದ ವಿವರವನ್ನು ಕಿತ್ತರೆ ಎರಡು ಪುಟ ಆಚೆಗಿನ ಅಭಿಪ್ರಾಯ ಅನಾಥವಾಗುತ್ತಿತ್ತು. ಅಂಥದ್ದನ್ನು ಅವರಿಗೆ ತೋರಿಸಿದರೆ ಒಂದಕ್ಷರವನ್ನೂ ಮುಟ್ಟಬೇಡವೆಂದು ಹೇಳಿ, ಜಾಹೀರಾತನ್ನು ಮುಂದಿನ ಪುಟಕ್ಕೆ ಹಾಕಿಸುತ್ತಿದ್ದರು. ಓದುವುದನ್ನು ನಾನು ಕಲಿತದ್ದು ಆ ಮೇಜಿನ ಮುಂದೆ. ನಿಮ್ಮ ಲೇಖನದ ಮೇಲೆ ಅದೇ ಪರೀಕ್ಷೆ ಮಾಡಿದೆ. ಐದನೆಯ ಪ್ಯಾರಾದಲ್ಲಿ ಉಳಿದದ್ದೆಲ್ಲ ಹೋದರೂ ನೋವಾಗುವುದಿಲ್ಲ. ಪೂಜೆಯನ್ನು ದೇವರು ಒಪ್ಪುವುದಿಲ್ಲವೆಂಬ ಆ ಸಾಲು ಹೋದರೆ ಮಾತ್ರ ನೋವಾಗುತ್ತದೆ.

ಲೇಖನದ ಉಳಿದ ಭಾಗದ ಬಗ್ಗೆ, ಸಂಗೀತ ಮತ್ತು ಬಣ್ಣಗಳ ಬಗ್ಗೆ ನೀವು ಬರೆದದ್ದರ ಬಗ್ಗೆ, ನನಗೆ ಹೇಳುವುದೇನೂ ಇಲ್ಲ. ಕಂತನ್ನು ಇನ್ನೊಮ್ಮೆ ನೋಡಿ, ಆ ನಿರಾಕರಣೆಯಿಂದಲೇ ಲೇಖನವನ್ನು ಆರಂಭಿಸಿ ಬರೆಯಿರಿ. ಅದು ಅರ್ಥವಾಗಲು ಓದುಗರಿಗೆ ಯಾವ ಯಾವ ಹಿಂದಿನ ಘಟನೆ ಬೇಕೋ ಅಷ್ಟನ್ನು ಮಾತ್ರ, ಕಂತಿನಲ್ಲಿರುವ ಕ್ರಮದಲ್ಲೇ, ಹೇಳಿ. ಸಂದೇಶ ಎಂಬ ಪ್ಯಾರಾ ಬೇಡ. ಹೊಸ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳುಹಿಸಿ, ನಾನೇ ಓದುತ್ತೇನೆ.

ಇತಿ,
ಸಂಪಾದಕ