ನಮ್ಮ ಹೊಲದ ಮಣ್ಣಿನ ಬೂಷ್ಟಿನಿಂದ ಹೊಸ ಕೀಟನಾಶಕ ಸಿಗುತ್ತಾ?

ದಾವಣಗೆರೆಯಲ್ಲಿ ಬಿಎಸ್ಸಿ ಓದುತ್ತಿದ್ದೀರಿ, ಮನೆಯಲ್ಲಿ ಮೆಕ್ಕೆಜೋಳ ಬೆಳೆಯುತ್ತೀರಿ. ಹೊಲದ ಮಣ್ಣಿನ ಬೂಷ್ಟಿನಿಂದ ಹೊಸ ಕೀಟನಾಶಕ ಕಂಡುಹಿಡಿಯಬಹುದಾ, ಅದಕ್ಕೆ ದೊಡ್ಡ ಲ್ಯಾಬ್ ಬೇಕಾ ಅಂತ ಕೇಳಿದ್ದೀರಿ.

ಹುಳು ಕೊಲ್ಲುವ ಬೂಷ್ಟು ಸಿಗುತ್ತದೆ, ಕಾಲೇಜಿನ ಲ್ಯಾಬೇ ಸಾಕು. ಹೊಸ ರಾಸಾಯನಿಕ ಸಿಗುವುದು ಬೇರೆ ಮಾತು. ನಾನು ಚಿತ್ರದುರ್ಗದವನು, ಎಂಎಸ್ಸಿಯಲ್ಲಿ ಇದೇ ಕೆಲಸ ಮಾಡಿದ್ದೆ.

ಹಳೇ ಜೇನುತಟ್ಟಿಗೆ ಬೀಳುವ ಮೇಣದ ಹುಳು ಗೊತ್ತಲ್ವಾ? ಜೇನು ಸಾಕುವವರನ್ನು ಕೇಳಿದರೆ ಸುಮ್ನೆ ಕೊಡುತ್ತಾರೆ. ಡಬ್ಬಿಗೆ ಮಣ್ಣು ಹಾಕಿ, ಸ್ವಲ್ಪ ತೇವ ಮಾಡಿ, ನಾಲ್ಕೈದು ಹುಳು ಬಿಟ್ಟು ಕತ್ತಲಲ್ಲಿಡಿ. ಮೊದಲ ಕೆಲವು ದಿನ ಡಬ್ಬಿಯನ್ನು ಆಗಾಗ ತಲೆಕೆಳಗು ಮಾಡಿ. ಹುಳು ಮಣ್ಣಿನೊಳಗೆ ಓಡಾಡಿದಷ್ಟೂ ಬೂಷ್ಟಿನ ಬೀಜಕಣ ಮೈಗೆ ಅಂಟುತ್ತದೆ. ಸತ್ತ ಹುಳುವನ್ನು ಹೈಪೋಕ್ಲೋರೈಟ್ (ಬ್ಲೀಚ್) ನೀರಿನಲ್ಲಿ ತೊಳೆದು ಒದ್ದೆ ಕಾಗದದ ಮೇಲಿಡಿ. ಒಳಗಿನಿಂದ ಬಿಳಿ ಬೂಷ್ಟು ಬಂದರೆ ಬವೇರಿಯಾ ಇರಬಹುದು, ಬಿಳಿ ಹೋಗಿ ಹಸಿರಾದರೆ ಮೆಟಾರೈಜಿಯಂ ಇರಬಹುದು. ಎರಡೂ ಹುಳು ಕೊಲ್ಲುವ ಬೂಷ್ಟುಗಳೇ.

ಇರಬಹುದು ಅಷ್ಟೇ. ಶೇಂಗಾ ಬೆಳೆಯುವ ಮಣ್ಣಿನಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಅನ್ನುವ ಬೂಷ್ಟು ಜಾಸ್ತಿ. ಅದೂ ಹಸಿರೇ, ಅದೂ ಹುಳು ಕೊಲ್ಲುತ್ತದೆ, ಆದರೆ ಅಫ್ಲಾಟಾಕ್ಸಿನ್ ವಿಷ ಮಾಡುತ್ತದೆ. ಹಾಗಾಗಿ ಈ ಕೆಲಸ ಅಡುಗೆಮನೆಯಲ್ಲಿ ಬೇಡ. ಮೈಕ್ರೋಸ್ಕೋಪು, ಡಿಎನ್ಎ ಪರೀಕ್ಷೆ ಆಗುವ ತನಕ ಹೊಲಕ್ಕೂ ಹಾಕಬೇಡಿ.

ಇನ್ನು ರಾಸಾಯನಿಕದ ಕಥೆ. ಬೂಷ್ಟನ್ನು ದ್ರವದಲ್ಲಿ ಬೆಳೆಸಿ, ರಸ ತೆಗೆದು, ಅದನ್ನು ಭಾಗ ಮಾಡಿ, ಯಾವ ಭಾಗ ಹುಳು ಕೊಲ್ಲುತ್ತದೆ ಅಂತ ನೋಡುತ್ತಾ ಹೋಗಬೇಕು. ಕೊನೆಗೆ ಕೈಗೆ ಸಿಗುವುದು ಹೆಚ್ಚಾಗಿ ಹಳೆಯದೇ: ಈ ಬೂಷ್ಟುಗಳು ಮಾಡುವ ಡಿಸ್ಟ್ರಕ್ಸಿನ್, ಬವೇರಿಸಿನ್ ಎಂಬ ವಿಷಗಳು, 1960ರ ದಶಕದಲ್ಲೇ ಗೊತ್ತಿದ್ದವು. ಮೆಕ್ಕೆಜೋಳ ತಿನ್ನುವ ಸೈನಿಕ ಹುಳುವಿಗೆ ನೀವು ಹೊಡೆಯುವ ಎಮಾಮೆಕ್ಟಿನ್ ಔಷಧಿಯ ಮೂಲವೂ ಜಪಾನಿನ ಮಣ್ಣಿನ ಜೀವಿಯೇ, ಆದರೆ ಅದು ಬ್ಯಾಕ್ಟೀರಿಯಾ. ಅದನ್ನು ಹುಡುಕಿದ ಸತೋಶಿ ಓಮುರಾ ಅವರಿಗೆ 2015ರಲ್ಲಿ ನೊಬೆಲ್ ಬಂತು. ಅವರ ಹಿಂದೆ ಒಂದು ದೊಡ್ಡ ಔಷಧ ಕಂಪನಿಯೇ ಇತ್ತು!

ನನ್ನನ್ನು ಕೇಳಿದರೆ ಹೊಸ ರಾಸಾಯನಿಕದ ಆಸೆ ಬಿಟ್ಟು ಬೂಷ್ಟಿನ ಹೊಸ ತಳಿ ಹುಡುಕಿ. ಈ ಬೂಷ್ಟುಗಳು 25ರಿಂದ 28 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತವೆ. 35 ದಾಟಿದರೆ ಸೊರಗುತ್ತವೆ, ಬಿಸಿಲಿಗೆ ಬೀಜಕಣ ಸಾಯುತ್ತದೆ. ಅಂಗಡಿಯಲ್ಲಿ ಸಿಗುವ ಈ ಬೂಷ್ಟಿನ ಪುಡಿ ನಮ್ಮ ಕಡೆ ಕೈಕೊಡಲು ಇದೂ ಒಂದು ಕಾರಣ. ಚಳ್ಳಕೆರೆಯ ಬಿಸಿಲಲ್ಲಿ ಬದುಕಿ ಉಳಿದ ಮೆಟಾರೈಜಿಯಂ ಸಿಕ್ಕರೆ ಅದಕ್ಕೆ ಬೆಲೆ ಇದೆ. ಕೃಷಿ ಕೀಟಗಳ ಸಂಶೋಧನೆ ಮಾಡುವ ಬೆಂಗಳೂರಿನ ಎನ್‌ಬಿಎಐಆರ್ ಸಂಸ್ಥೆ ಸೈನಿಕ ಹುಳುವಿಗೆ ಇಂಥದ್ದೇ ತಳಿಗಳನ್ನು ಪರೀಕ್ಷಿಸಿದೆ. ಮಾರಬೇಕು ಅಂದರೆ ಮಾತ್ರ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು, ಅದು ನಿಮ್ಮ ಡಿಗ್ರಿ ಮುಗಿಯುವುದರೊಳಗೆ ಆಗುವುದಲ್ಲ.

ಮಣ್ಣನ್ನು ಬರೀ ಜೋಳದ ಸಾಲಿನಿಂದ ತರಬೇಡಿ. ಔಷಧಿ ಬೀಳದ ಬದು, ಚನ್ನಗಿರಿ ಕಡೆಯ ಹಳೇ ಅಡಿಕೆ ತೋಟ, ಗೊಣ್ಣೆ ಹುಳು ಕಾಣುವ ಜಾಗ ನೋಡಿ. ಮಳೆಗಾಲದಲ್ಲಿ ಜೋಳದ ಎಲೆಗೆ ಅಂಟಿಕೊಂಡು ಬೆಳ್ಳಗೆ ಸತ್ತ ಹುಳು ಕಂಡರೆ ಅದನ್ನೂ ಕಾಗದದ ಪೊಟ್ಟಣದಲ್ಲಿ ಎತ್ತಿಡಿ. ಪ್ಲಾಸ್ಟಿಕ್‌ನಲ್ಲಿ ಬೆವರಿ ಕೊಳೆಯುತ್ತದೆ.