ಪಿಕಪ್ ಮೇಲೆ ಟೆಂಟು, ಹಿಂದೆ ಟ್ರೇಲರ್: ಮೊದಲು ಗಾಡಿ ತೂಗಿಸಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಕೊಡಗಿನವು, ಅದರಲ್ಲೂ ಪಿಕಪ್ ಇಟ್ಟುಕೊಂಡವರದ್ದು. ತೋಟಕ್ಕೆ ಅಂತ ತಗೊಂಡ ಗಾಡಿಯನ್ನೇ ಕ್ಯಾಂಪಿಂಗ್‌ಗೂ ಸಿದ್ಧ ಮಾಡಬೇಕು ಅನ್ನುವ ಆಸೆ ಎಲ್ಲರಿಗೂ ಇದೆ. ಒಳ್ಳೆಯ ಆಸೆ. ಆರು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸರ್, ನನ್ನದು ಇಸುಜು ವಿ-ಕ್ರಾಸ್, ಫೋರ್ ವೀಲ್ ಡ್ರೈವ್. ಮೇಲೆ ರೂಫ್ ಟೆಂಟ್, ಹಿಂದೆ ತೊಟ್ಟಿ ಮುಚ್ಚುವ ಕಬ್ಬಿಣದ ಕೆನೋಪಿ, ಒಳಗೆ ಫ್ರಿಡ್ಜ್, ಮುಂದೆ ಹೂತ ಗಾಡಿ ಎಳೆಯುವ ವಿಂಚ್, ಜೊತೆಗೆ ಗಾಡಿಯನ್ನು ಎರಡು ಇಂಚು ಎತ್ತರಿಸುವ ಲಿಫ್ಟ್ ಮಾಡಿಸಬೇಕು ಅಂತಿದ್ದೇನೆ. ಯಾವುದನ್ನು ಮೊದಲು ಮಾಡಿಸಲಿ? (ಪೊನ್ನಂಪೇಟೆ)

ಯಾವುದನ್ನೂ ಬೇಡ. ಮೊದಲು ಡೀಸೆಲ್ ಟ್ಯಾಂಕ್ ತುಂಬಿಸಿ, ಕಾಫಿ ಲಾರಿ ತೂಗುವ ವೇ ಬ್ರಿಡ್ಜ್‌ಗೆ ಗಾಡಿ ಹತ್ತಿಸಿ. ಇಡೀ ಗಾಡಿ ಒಂದು ಸಲ, ಹಿಂದಿನ ಎರಡು ಚಕ್ರ ಮಾತ್ರ ಇನ್ನೊಂದು ಸಲ. ಎರಡೂ ಚೀಟಿ ಇಟ್ಟುಕೊಳ್ಳಿ. ಗಾಡಿ ಹೆಚ್ಚೆಂದರೆ ಎಷ್ಟು ತೂಗಬಹುದು ಅನ್ನುವುದು ಕಂಪನಿ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಅದರಿಂದ ವೇ ಬ್ರಿಡ್ಜ್ ತೂಕ ಕಳೆದರೆ ಉಳಿಯುವುದೇ ನಿಮ್ಮ ಬಂಡವಾಳ. ಜನ, ಸಾಮಾನು, ನೀರು, ಟೆಂಟು, ಎಲ್ಲವೂ ಅಷ್ಟರೊಳಗೇ ಮುಗಿಯಬೇಕು.

ಈಗ ನಿಮ್ಮ ಪಟ್ಟಿಯನ್ನೇ ಕೂಡೋಣ. ಅಂದಾಜಿಗೆ ಕಬ್ಬಿಣದ ಕೆನೋಪಿ 90 ಕೆಜಿ, ಟೆಂಟ್ 60, ಅದನ್ನು ಹೊರುವ ರ‍್ಯಾಕ್ 30, ವಿಂಚ್ ಮತ್ತು ಅದನ್ನು ಕೂರಿಸುವ ಕಬ್ಬಿಣ 60, ಸಾಮಾನು ತುಂಬಿದ ಫ್ರಿಡ್ಜ್ 30, ಎರಡನೇ ಬ್ಯಾಟರಿ 15, ನಲವತ್ತು ಲೀಟರ್ ನೀರು 40, ಒಲೆ, ಹಾಸಿಗೆ, ಹಗ್ಗ, ಹಾರೆ ಸೇರಿ 50. ಒಟ್ಟು 375 ಕೆಜಿ ಆಯಿತು, ಇನ್ನೂ ಒಬ್ಬರೂ ಹತ್ತಿಲ್ಲ. ಇಬ್ಬರು ಕೂತರೆ 525. ಸ್ವಂತ ಬಳಕೆಗೆ ನೋಂದಣಿ ಆದ ಕೆಲವು ಪಿಕಪ್‌ಗಳಲ್ಲಿ ಇದು ಮಿತಿ ಮುಟ್ಟುವ ಅಥವಾ ದಾಟುವ ತೂಕ. ಹಾಗೆ ದಾಟಿದ ಗಾಡಿಯನ್ನು ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ, ಗುಂಡಿಬಿದ್ದ ತೋಟದ ದಾರಿಯಲ್ಲಿ ಓಡಿಸಿದರೆ ಹಿಂದಿನ ಲೀಫ್ (ಭಾರ ಹೊರುವ ಪಟ್ಟಿ ಸ್ಪ್ರಿಂಗ್) ಮುರಿಯುತ್ತದೆ, ಚಾಸಿಸ್ ಬಾಗುವುದೂ ಉಂಟು, ಮತ್ತು ಇವೆಲ್ಲಕ್ಕಿಂತ ಮೊದಲು ಬ್ರೇಕ್ ಹಿಡಿಯುವ ದೂರ ಜಾಸ್ತಿ ಆಗುತ್ತದೆ.

ನಾನಾದರೆ ಕೆನೋಪಿ ಕೈಬಿಡುತ್ತೇನೆ. ಟೆಂಟನ್ನು ಕ್ಯಾಬಿನ್ ಮೇಲಲ್ಲ, ಹಿಂದಿನ ತೊಟ್ಟಿಯ ಮೇಲೆ ಕ್ಯಾಬಿನ್ ಎತ್ತರಕ್ಕಿಂತ ಕೆಳಗೇ ಒಂದು ರ‍್ಯಾಕ್ ಮಾಡಿ ಕೂರಿಸುತ್ತೇನೆ. ಭಾರ ಕೆಳಗಿದ್ದಷ್ಟೂ ಓರೆ ದಾರಿಯಲ್ಲಿ ಗಾಡಿ ವಾಲುವುದು ಕಮ್ಮಿ. ನೀರಿನ ಕ್ಯಾನು, ಬ್ಯಾಟರಿ ತೊಟ್ಟಿಯ ಮುಂಭಾಗಕ್ಕೆ, ಕ್ಯಾಬಿನ್‌ಗೆ ಒತ್ತಿ ಇರಲಿ. ಲಿಫ್ಟ್ ಈಗ ಬೇಡವೇ ಬೇಡ, ಮುಂದಿನ ಆಕ್ಸಲ್‌ನ ಜಾಯಿಂಟ್‌ಗಳು ಓರೆಯಾಗಿ ತಿರುಗಿ ಬೇಗ ಸವೆಯುತ್ತವೆ. ಹಿಂದೆ ಒಂದು ಲೀಫ್ ಸೇರಿಸಬೇಕು ಅನಿಸಿದರೆ, ಟೆಂಟು ವರ್ಷವಿಡೀ ಗಾಡಿ ಮೇಲೇ ಇರುತ್ತದಾ ಅಂತ ಯೋಚಿಸಿ. ಇಲ್ಲ ಅಂದರೆ ಖಾಲಿ ಗಾಡಿ ಕುಣಿಯುತ್ತದೆ, ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ಹಿಡಿತ ಬಿಡುತ್ತದೆ. ಇನ್ನೊಂದು ಮಾತು: ಲೀಫ್ ಸೇರಿಸಿದರೆ ಗಾಡಿ ಎತ್ತರ ನಿಲ್ಲುತ್ತದೆಯೇ ಹೊರತು ಪುಸ್ತಕದಲ್ಲಿ ಬರೆದ ತೂಕದ ಮಿತಿ ಮೇಲೇರುವುದಿಲ್ಲ.

ದುಡ್ಡನ್ನು ಮೊದಲು ಟೈರ್‌ಗೆ ಹಾಕಿ. ಕಂಪನಿ ಹೇಳಿದ ಅಳತೆಯಲ್ಲೇ ಒಳ್ಳೆಯ ಆಲ್ ಟೆರೇನ್ (ಡಾಂಬರಿಗೂ ಮಣ್ಣಿಗೂ ಆಗುವ) ಟೈರ್ ಐದು, ಸ್ಟೆಪ್ನಿಯೂ ಸೇರಿ. ಆಮೇಲೆ ಒಂದು ಒಳ್ಳೆಯ 12 ವೋಲ್ಟ್ ಕಂಪ್ರೆಸರ್. ಉಳಿದಿದ್ದು ನಿಧಾನಕ್ಕೆ.

ಪ್ರಶ್ನೆ: ಮುಂದೆ ಬಂಪರ್‌ಗೆ ಅಡ್ಡ ಕಬ್ಬಿಣದ ಸರಳು, ಅಂದರೆ ಬುಲ್ ಬಾರ್ ಹಾಕಿಸಿದರೆ ಪೊಲೀಸರು ಹಿಡಿಯುತ್ತಾರಾ? ಎಲ್ಲರೂ ಹಾಕಿಸಿದ್ದಾರಲ್ಲ. (ವಿರಾಜಪೇಟೆ)

ಹಿಡಿಯಬಹುದು. 2017ರ ಡಿಸೆಂಬರ್‌ನಲ್ಲೇ ಕೇಂದ್ರದ ಸಾರಿಗೆ ಸಚಿವಾಲಯ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ವಿರುದ್ಧ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತ ಸೇರಿತು. ದಂಡಕ್ಕಿಂತ ನನಗೆ ಹೆಚ್ಚು ಚಿಂತೆ ಎರಡು. ಒಂದು, ದಾರಿಯಲ್ಲಿ ನಡೆಯುವವರಿಗೆ ಆ ಕಬ್ಬಿಣ ತಗುಲಿದರೆ ಏಟು ದೊಡ್ಡದಾಗುತ್ತದೆ. ಎರಡು, ಅಪಘಾತದ ಬಲವನ್ನು ಹೀರಿಕೊಳ್ಳಬೇಕಾದ ಮುಂಭಾಗಕ್ಕೆ ಕೆಲಸವೇ ಇಲ್ಲದ ಹಾಗಾಗುತ್ತದೆ, ಏರ್‌ಬ್ಯಾಗ್ ಸೆನ್ಸರ್ ಲೆಕ್ಕವೂ ತಪ್ಪಬಹುದು. ಹಾಕಿಸಬೇಡಿ, ಹಾಕಿಸಿದ್ದರೆ ಬಿಚ್ಚಿಸಿಬಿಡಿ. ಯಾವ ಕೆಲಸ ಮಾಡಿಸಿದರೂ ಮೊದಲು ಆರ್‌ಟಿಒ ಮತ್ತು ಇನ್ಶೂರೆನ್ಸ್ ಎರಡೂ ಕಡೆ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಪ್ರಶ್ನೆ: ಟೊಯೋಟಾ ಹೈಲಕ್ಸ್ ಇದೆ. ವಾರದಲ್ಲಿ ತೋಟದ ಜನರೇಟರ್, ಪಂಪ್ ಸೆಟ್ ಎಳೆಯಲು, ರಜೆಯಲ್ಲಿ ಕ್ಯಾಂಪ್ ಸಾಮಾನಿಗೆ ಒಂದು ಟ್ರೇಲರ್ ಮಾಡಿಸಬೇಕು. ಆಸ್ಟ್ರೇಲಿಯಾದ ವಿಡಿಯೋಗಳಲ್ಲಿ 3,500 ಕೆಜಿ ಎಳೆಯುತ್ತಾರೆ. ಸಂಪಾಜೆ ಘಾಟಿಯಲ್ಲಿ ಎಷ್ಟು ಎಳೆಯಬಹುದು? (ಮಡಿಕೇರಿ)

ಆ 3,500 ಅಲ್ಲಿನ ಗಾಡಿಗೆ, ಬ್ರೇಕ್ ಇರುವ ಟ್ರೇಲರ್‌ಗೆ, ಅಲ್ಲಿನ ಹಿಚ್‌ಗೆ (ಟ್ರೇಲರ್ ಸಿಕ್ಕಿಸುವ ಕೊಂಡಿ) ಕೊಟ್ಟ ಅಂಕಿ. ಟ್ರೇಲರ್‌ಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಅಲ್ಲೂ 750 ಕೆಜಿ ದಾಟುವಂತಿಲ್ಲ. ನಮ್ಮಲ್ಲಿ ಸಿಗುವ ಮಾಡೆಲ್‌ಗೆ ಕಂಪನಿ ಏನು ಹೇಳಿದೆಯೋ ಅಷ್ಟೇ ನಿಮ್ಮ ಮಿತಿ, ಅದನ್ನು ಷೋರೂಮ್‌ನಿಂದ ಬರೆಸಿಕೊಳ್ಳಿ. ಇನ್ನು ಟ್ರೇಲರ್ ಕೂಡ ಕಾಯ್ದೆಯ ಕಣ್ಣಲ್ಲಿ ಒಂದು ಮೋಟಾರು ವಾಹನವೇ. ವರ್ಕ್‌ಶಾಪ್‌ನಲ್ಲಿ ವೆಲ್ಡಿಂಗ್ ಮಾಡಿಸಿ ಸುಮ್ನೆ ಕಟ್ಟಿಕೊಂಡು ರಸ್ತೆಗೆ ಬರುವಂತಿಲ್ಲ, ನೋಂದಣಿ ಬೇಕು.

ಹೈಲಕ್ಸ್ ಆಟೋಮ್ಯಾಟಿಕ್‌ನಲ್ಲಿ 500 ನ್ಯೂಟನ್ ಮೀಟರ್ ಟಾರ್ಕ್ ಇದೆ, ಸಂಪಾಜೆ ಕಡೆಯಿಂದ ಮಡಿಕೇರಿಗೆ ಹತ್ತುವಾಗ ನಿಮಗೆ ಕಷ್ಟ ಗೊತ್ತಾಗುವುದಿಲ್ಲ. ಕಷ್ಟ ಇರುವುದು ಇಳಿಯುವಾಗ. ಹಿಂದಿನಿಂದ ಟ್ರೇಲರ್ ತಳ್ಳುತ್ತಿರುತ್ತದೆ, ರಸ್ತೆ ಒದ್ದೆ, ತಿರುವಿನ ಮೇಲೆ ತಿರುವು, ಕಾಲು ಬ್ರೇಕ್ ಮೇಲೇ ಇದ್ದರೆ ಬಿಸಿಯಾಗಿ ಹಿಡಿತ ಬಿಟ್ಟುಹೋಗುತ್ತದೆ. ಹತ್ತಲು ಯಾವ ಗೇರ್ ಬೇಕೋ ಅದೇ ಗೇರ್‌ನಲ್ಲಿ ಇಳಿಯಬೇಕು, ಅಂದರೆ ಆಟೋಮ್ಯಾಟಿಕ್‌ನಲ್ಲಿ ಮ್ಯಾನುವಲ್ ಮೋಡ್‌ಗೆ ಹಾಕಿ ಎರಡು ಅಥವಾ ಮೂರರಲ್ಲಿ, ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು.

ಟ್ರೇಲರ್‌ನಲ್ಲಿ ಭಾರ ತುಂಬುವ ರೀತಿ ಗೊತ್ತಿರಲಿ. ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು ಹಿಚ್ ಮೇಲೆ ಕೂರಬೇಕು. 600 ಕೆಜಿ ಟ್ರೇಲರ್ ಅಂದರೆ ಹಿಚ್ ಮೇಲೆ 60 ಕೆಜಿ, ಆ 60 ನಿಮ್ಮ ಪಿಕಪ್ ಹೊರುವ ತೂಕದಲ್ಲೇ ಲೆಕ್ಕ. ಭಾರ ಹಿಂದಕ್ಕೆ ಹೋದರೆ ಟ್ರೇಲರ್ ಬಾಲ ಆಡಿಸಲು ಶುರು ಮಾಡುತ್ತದೆ. ಹಾಗಾದಾಗ ಬ್ರೇಕ್ ಗಟ್ಟಿ ಒತ್ತಬೇಡಿ, ಸ್ಟೀರಿಂಗ್ ಆಡಿಸಬೇಡಿ, ನೇರ ಹಿಡಿದು ಆಕ್ಸಲರೇಟರ್ ಮಾತ್ರ ಬಿಡಿ. ಜನರೇಟರನ್ನು ಟ್ರೇಲರ್ ಚಕ್ರದ ಸ್ವಲ್ಪ ಮುಂದೆ ಬೋಲ್ಟ್ ಹಾಕಿ ಕೂರಿಸಿ, ಹಗ್ಗ ನಂಬಬೇಡಿ. ಬ್ರೇಕ್ ಇಲ್ಲದ ಟ್ರೇಲರ್ ಆದರೆ ಘಾಟಿಗೆ 400 ಕೆಜಿ ಒಳಗೇ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ತೋಟದ ಕೆಸರಲ್ಲಿ ಗಾಡಿ ಹೂತರೆ ಹಿಚ್‌ನ ಉಂಡೆಗೆ (ಟೋ ಬಾಲ್) ಹಗ್ಗ ಹಾಕಿ ಇನ್ನೊಂದು ಜೀಪಲ್ಲಿ ಎಳೆಯಬಹುದಾ? (ಶನಿವಾರಸಂತೆ)

ಬೇಡ. ದಯವಿಟ್ಟು ಬೇಡ. ಆ ಉಂಡೆ ಟ್ರೇಲರ್ ಎಳೆಯಲು ಮಾಡಿದ್ದು, ಹೂತ ಗಾಡಿ ಕೀಳಲು ಅಲ್ಲ. ಜರ್ಕ್ ಕೊಟ್ಟು ಎಳೆದಾಗ ಅದು ಮುರಿದು ಹಗ್ಗದ ಜೊತೆ ಗುಂಡಿನ ಹಾಗೆ ಹಾರುತ್ತದೆ. ಹೊರದೇಶಗಳಲ್ಲಿ ಹೀಗೆ ಜನ ಸತ್ತಿದ್ದಾರೆ. ಹಗ್ಗ ಸಿಕ್ಕಿಸಲು ಚಾಸಿಸ್‌ಗೆ ಬೋಲ್ಟ್ ಆದ ರಿಕವರಿ ಪಾಯಿಂಟ್ ಹಾಕಿಸಿ, ತೂಕದ ಅಂಕಿ ಅಚ್ಚಾಗಿರುವ ಡಿ ಶ್ಯಾಕಲ್ (ಡಿ ಆಕಾರದ ಉಕ್ಕಿನ ಕೊಂಡಿ) ತಗೊಳ್ಳಿ. ಎಳೆಯುವಾಗ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರೂ ನಿಲ್ಲಬಾರದು, ಸಹಾಯಕ್ಕೆ ಬಂದ ಕೆಲಸದವರನ್ನೂ ದೂರ ಕಳಿಸಿ. ಹಗ್ಗದ ಮಧ್ಯೆ ಒಂದು ಒದ್ದೆ ಗೋಣಿಚೀಲ ಹಾಕಿದರೆ ಅದು ತುಂಡಾದಾಗ ಹಾರುವ ವೇಗ ಕಮ್ಮಿಯಾಗುತ್ತದೆ.

ಆದರೆ ಎಳೆಯುವ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ. ಚಕ್ರ ಸುತ್ತಲು ಶುರುವಾದ ಕೂಡಲೇ ಕಾಲು ತೆಗೆಯಿರಿ. ಸುತ್ತಿದಷ್ಟೂ ಗಾಡಿ ಹೊಟ್ಟೆ ನೆಲಕ್ಕೆ ಕೂರುತ್ತದೆ. ಟೈರ್ ಗಾಳಿ 20 ಪಿಎಸ್‌ಐಗೆ ಇಳಿಸಿ, ಚಕ್ರದ ಹಿಂದಿನ ಮಣ್ಣು ಹಾರೆಯಲ್ಲಿ ಕೆರೆದು, ಫೋರ್ ಲೋನಲ್ಲಿ (ನಾಲ್ಕೂ ಚಕ್ರಕ್ಕೆ ನಿಧಾನದ, ಬಲದ ಗೇರ್) ಬಂದ ದಾರಿಯಲ್ಲೇ ಹಿಂದಕ್ಕೆ ತನ್ನಿ. ಬಹಳ ಸಲ ಇಷ್ಟಕ್ಕೇ ಗಾಡಿ ಬರುತ್ತದೆ. ಡಾಂಬರು ಸಿಗುವ ಮೊದಲು ಗಾಳಿ ತುಂಬಿಸಿ, ಕಂಪ್ರೆಸರ್ ಬೇಕು ಅಂದಿದ್ದು ಇದಕ್ಕೇ. ನಮ್ಮ ಕೆಂಪು ಜೇಡಿ ಟೈರ್ ಸಂದು ತುಂಬಿಕೊಂಡರೆ ಯಾವ ಆಲ್ ಟೆರೇನ್ ಟೈರೂ ಜಾರುತ್ತದೆ, ಅಂಥ ದಾರಿಯೇ ದಿನಾ ಇರುವವರು ಟೈರ್ ಚೈನ್ ಇಟ್ಟುಕೊಳ್ಳಿ.

ವಿಂಚ್ ತಗೊಳ್ಳುವುದೇ ಆದರೆ ತುಂಬಿದ ಗಾಡಿ ತೂಕದ ಒಂದೂವರೆ ಪಟ್ಟು ಶಕ್ತಿ ಇರಲಿ. 2,900 ಕೆಜಿ ಗಾಡಿಗೆ 10,000 ಪೌಂಡಿನದ್ದು, ಅಂದರೆ ಸುಮಾರು 4,500 ಕೆಜಿ, ಸರಿಯಾಗುತ್ತದೆ. ಮರಕ್ಕೆ ಅಗಲದ ಪಟ್ಟಿ ಸುತ್ತಿ, ಬುಡದ ಹತ್ತಿರ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್‌ಗೆ ಕಟ್ಟಿದರೆ ಬಳ್ಳಿಯೂ ಹೋಗುತ್ತದೆ, ಮಳೆಗೆ ನೆಂದ ಮಣ್ಣಲ್ಲಿ ಮರವೂ ವಾಲಬಹುದು. ಗಟ್ಟಿ ಕಾಡುಮರ ಹುಡುಕಿ.

ಪ್ರಶ್ನೆ: ಸ್ನಾರ್ಕೆಲ್ ಹಾಕಿಸಿದರೆ ಹೊಳೆ ದಾಟಬಹುದಲ್ವಾ? (ನಾಪೋಕ್ಲು)

ಸ್ನಾರ್ಕೆಲ್ ಅಂದರೆ ಛಾವಣಿ ಎತ್ತರಕ್ಕೆ ಏರಿಸಿದ ಕೊಳವೆ, ಅದು ಎಂಜಿನ್‌ಗೆ ಗಾಳಿ ಕೊಡುತ್ತದೆ, ಅಷ್ಟೇ. ಆಕ್ಸಲ್, ಗೇರ್ ಬಾಕ್ಸ್‌ನ ಬ್ರೀದರ್ ಪೈಪು (ಗಾಳಿ ಆಡುವ ಕೊಳವೆ), ವೈರಿಂಗ್, ಆಲ್ಟರ್ನೇಟರ್ ಎಲ್ಲ ಮೊದಲಿದ್ದಲ್ಲೇ ಇರುತ್ತವೆ. ಹೈಲಕ್ಸ್‌ಗೆ ಕಂಪನಿ ಹೇಳುವ ಆಳ 700 ಮಿಲಿಮೀಟರ್, ಅದೂ ನಿಂತ ನೀರಿಗೆ. ಹರಿಯುವ ನೀರಲ್ಲಿ ಅದಕ್ಕಿಂತ ಎಷ್ಟೋ ಕಮ್ಮಿ ಆಳಕ್ಕೇ ಗಾಡಿ ತೇಲಿ ಪಕ್ಕಕ್ಕೆ ಸರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ತೊರೆಗಳಲ್ಲಿ, ಇಲ್ಲಿ ಬಿಸಿಲಿದ್ದರೂ ಮೇಲೆ ಬೆಟ್ಟದಲ್ಲಿ ಸುರಿದ ಮಳೆಗೆ ನೀರು ಏರುತ್ತದೆ. ಕಂದು ಬಣ್ಣದ ನೀರು ಕಂಡರೆ ತಿರುಗಿ ಬನ್ನಿ.

ಪ್ರಶ್ನೆ: ರೂಫ್ ಟೆಂಟ್ ಎತ್ತರದಲ್ಲಿರುತ್ತದೆ, ಆನೆ ಭಯ ಇಲ್ಲ ಅಂತ ಅಂಗಡಿಯವರು ಹೇಳಿದರು. ಮಂಡಲಪಟ್ಟಿ ಕಡೆ ಕಾಡಂಚಲ್ಲಿ ಎಲ್ಲಿ ನಿಲ್ಲಿಸಬಹುದು? (ಸಿದ್ದಾಪುರ)

ಸಿದ್ದಾಪುರದವರೇ, ನಿಮಗೆ ಆನೆ ವಿಷಯ ನಾನು ಹೇಳಬೇಕಾಗಿಲ್ಲ. ಪಿಕಪ್ ಮೇಲಿನ ಟೆಂಟು ಆನೆ ಸೊಂಡಿಲಿಗೆ ಸುಲಭವಾಗಿ ಸಿಗುವ ಎತ್ತರ, ಮತ್ತು ಮಗುಚಲು ಅದಕ್ಕೆ ಗಾಡಿ ಭಾರವೇ ಅಲ್ಲ. ಜಿಗಣೆಯಿಂದ ತಪ್ಪಿಸಿಕೊಳ್ಳಲು ಎತ್ತರದ ಟೆಂಟು ಒಳ್ಳೆಯದು, ಆನೆಯಿಂದ ಅಲ್ಲ.

ನಾಗರಹೊಳೆ ಇರಲಿ, ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅಭಯಾರಣ್ಯಗಳಿರಲಿ, ಅನುಮತಿ ಇಲ್ಲದೆ ಒಳಗೆ ಹೋಗುವುದೇ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ರಾತ್ರಿ ಟೆಂಟು ಹಾಕುವ ಮಾತಂತೂ ದೂರ. ಮಂಡಲಪಟ್ಟಿ ಹುಲ್ಲುಗಾವಲಲ್ಲಿ ದಾರಿ ಬಿಟ್ಟು ಗಾಡಿ ಇಳಿಸುವುದನ್ನಂತೂ ಮಾಡಲೇಬೇಡಿ. ಚಕ್ರದ ಗುರುತು ಬಿದ್ದ ಕಡೆ ಮುಂದಿನ ಮಳೆಗೆ ಚರಂಡಿ ಬೀಳುತ್ತದೆ, 2018ರ ಆಗಸ್ಟ್‌ನಲ್ಲಿ ಈ ಜಿಲ್ಲೆಯ ಬೆಟ್ಟಗಳು ಹೇಗೆ ಜಾರಿದವು ಅಂತ ನೋಡಿದವರು ನಾವು.

ಪರಿಚಯದವರ ತೋಟದಲ್ಲಿ, ಅವರನ್ನು ಕೇಳಿ, ಕಾಫಿ ಒಣಗಿಸುವ ಕಣದಲ್ಲಿ ಅಥವಾ ಮನೆ ಹತ್ತಿರದ ಬಯಲಲ್ಲಿ ನಿಲ್ಲಿಸಿ. ಹಲಸು ಹಣ್ಣಾಗುವ ಕಾಲದಲ್ಲಿ ಹಲಸಿನ ಮರದ ಹತ್ತಿರ ಬೇಡ. ಬಾಳೆಹಣ್ಣು, ಅಕ್ಕಿ, ಉಪ್ಪು ಟೆಂಟಿನ ಒಳಗಾಗಲೀ ತೊಟ್ಟಿಯಲ್ಲಾಗಲೀ ಇಡಬೇಡಿ. ಒಣಗಿದ ಕೊಂಬೆ ಕೆಳಗೆ ಟೆಂಟು ಬಿಚ್ಚಬೇಡಿ, ಮಳೆಗಾಲದಲ್ಲಿ ಗಾಳಿ ಇಲ್ಲದಾಗಲೂ ಕೊಂಬೆ ಬೀಳುತ್ತದೆ. ಗಾಡಿಯ ಮೂತಿ ಹೊರಹೋಗುವ ದಾರಿಗೆ ತಿರುಗಿರಲಿ, ಬೀಗದಕೈ ಎಲ್ಲರಿಗೂ ಗೊತ್ತಿರುವ ಒಂದೇ ಜಾಗದಲ್ಲಿರಲಿ. ತೋಟದ ಕಾವಲಿನವರು ಸಂಜೆ ಬಂದು ಇವತ್ತು ಇಲ್ಲಿ ಬೇಡ ಅಂದರೆ, ಟೆಂಟು ಮಡಚಿ ಅವರು ಹೇಳಿದ ಕಡೆಗೆ ಹೋಗಿ.