ಮುಜದ್ದರಾ ಮುದ್ದೆಯಾಗದಿರಲು

ಮಸೂರ್ ಕಾಳು, ಅಕ್ಕಿ, ಹುರಿದ ಈರುಳ್ಳಿ ಸೇರಿಸಿ ಮಾಡುವ ಲೆಬನಾನಿನ ಅಡುಗೆ ಮುಜದ್ದರಾ ಮಾಡಿದಾಗ ಬೇಳೆ ಕರಗಿ ಮುದ್ದೆಯಾಯಿತು, ಈರುಳ್ಳಿಯೂ ಮೆತ್ತಗಾಯಿತು ಎಂದು ಬರೆದಿದ್ದೀರಿ. ನೀವು ಹಾಕಿದ್ದು ಕೆಂಪು ಮಸೂರ್ ಬೇಳೆ, ಅಲ್ವಾ? ಎಡವಟ್ಟು ಆಗಿದ್ದು ಅಲ್ಲೇ. ಸಿಪ್ಪೆ ಇರುವ ಇಡೀ ಕಾಳು ತನ್ನಿ, ನಮ್ಮಲ್ಲಿ ಚನ್ನಂಗಿ ಅನ್ನುತ್ತಾರಲ್ಲ, ಅದೇ. ಕುಕ್ಕರ್ ಬೇಡ.

ಒಂದು ಲೋಟ ಕಾಳಿಗೆ ಅರ್ಧ ಲೋಟ ಅಕ್ಕಿ ಸಾಕು. ಕಾಳು ಮುಕ್ಕಾಲು ಬೆಂದ ಮೇಲೆ ಅಕ್ಕಿ ಹಾಕಿ.

ಈ ಅಡುಗೆಯ ಜೀವ ಇರುವುದೇ ಈರುಳ್ಳಿಯಲ್ಲಿ. 3 ದೊಡ್ಡ ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ, ಆಲಿವ್ ಎಣ್ಣೆ ಧಾರಾಳವಾಗಿ ಹಾಕಿ ಹುರಿಯಿರಿ. ಮೊದಲು ಬರೀ ನೀರು ಬಿಡುತ್ತದೆ, ಅವಸರ ಮಾಡಬೇಡಿ. 20 ನಿಮಿಷವಾದರೂ ಬೇಕು. ಅಂಚು ಕೆಂಪಾಗಿ, ಆಮೇಲೆ ಬೆಲ್ಲದ ಪಾಕದ ಬಣ್ಣ ಬಂದ ಕೂಡಲೇ ತೆಗೆದು ಕಾಗದದ ಮೇಲೆ ಹರಡಿ. ಆರಿದ ಮೇಲೆಯೇ ಗರಿಗರಿಯಾಗುವುದು. ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ಅನ್ನಕ್ಕೇ ಸುರಿಯಿರಿ, ಆ ಘಮ ಬಿಡಬಾರದು.

ಹಾಗೆ ನೋಡಿದರೆ, ನಿಮ್ಮದು ಪೂರ್ತಿ ಕೆಟ್ಟಿಲ್ಲ. ಲೆಬನಾನಿನ ಎಷ್ಟೋ ಮನೆಗಳಲ್ಲಿ ನುಣ್ಣಗೆ ಅರೆದು ಮಾಡಿದ್ದಕ್ಕೇ ಮುಜದ್ದರಾ ಎನ್ನುತ್ತಾರೆ. ಉದುರುದುರಾಗಿದ್ದರೆ ಅದು ಮುದರ್ದರಾ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಅಲ್ಲಿನ ಕ್ರೈಸ್ತರ ಮನೆಗಳಲ್ಲಿ ಇದು ಮಾಮೂಲಿ ಊಟ. ಮಾಂಸವಿಲ್ಲದೆ ಹೊಟ್ಟೆ ತುಂಬುತ್ತದೆ.

ಜೊತೆಗೆ ಎಲೆಕೋಸನ್ನು ಸಣ್ಣಗೆ ಹೆಚ್ಚಿ ನಿಂಬೆರಸ, ಜಜ್ಜಿದ ಬೆಳ್ಳುಳ್ಳಿ, ಉಪ್ಪು ಕಲಸಿಡಿ. ಮೊಸರೂ ಚೆನ್ನಾಗಿರುತ್ತದೆ.